ರೋಜರ್ ವಾಟರ್ಸ್ ಅವರ ‘ಅಮ್ಯೂಸ್ಡ್ ಟು ಡೆತ್’: ಈ ಸಿಟ್ಟು ಯಾರ ಮೇಲೆ?

ಹಳೇ ಕ್ಯಾಸೆಟ್

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಆದರೆ ರೋಜರ್ ವಾಟರ್ಸ್ ತಂಡ ಬಿಟ್ಟ ಮೇಲೆ ಮಾಡಿದ ‘ಅಮ್ಯೂಸ್ಡ್ ಟು ಡೆತ್’ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೂ "ಅಮೆರಿಕವನ್ನು ಬೈಯುವ ಆಲ್ಬಂ" ಅಂತ ಒಂದೇ ಸಾಲಲ್ಲಿ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸೋಫಾ ಮೇಲೆ ಆರಾಮಾಗಿ ಕೂತು ಯುದ್ಧ ನೋಡುವವರ ಮೇಲಿನ ಸಿಟ್ಟು ಅದು. ಅಂದರೆ ನಮ್ಮ ಮೇಲೆ.

ಆಲ್ಬಂ ಬಂದಿದ್ದು 1992ರ ಸೆಪ್ಟೆಂಬರ್‌ನಲ್ಲಿ. ಆಗ ವಾಟರ್ಸ್‌ಗೆ 49 ವರ್ಷ. 14 ಹಾಡು, ಹೆಚ್ಚುಕಮ್ಮಿ 72 ನಿಮಿಷ. ಹೆಸರಿನ ಎಳೆ ಸಿಕ್ಕಿದ್ದು ನೀಲ್ ಪೋಸ್ಟ್‌ಮನ್ ಅವರ 1985ರ ಪುಸ್ತಕದಿಂದ. ಟಿವಿ ಬಂದಮೇಲೆ ರಾಜಕೀಯ, ಧರ್ಮ, ಸುದ್ದಿ ಎಲ್ಲವೂ ಮನರಂಜನೆ ಆಗಿಬಿಟ್ಟಿವೆ ಅನ್ನುವುದು ಪೋಸ್ಟ್‌ಮನ್ ವಾದ. ಮುಖಪುಟದಲ್ಲೂ ಅದೇ: ಟಿವಿ ಮುಂದೆ ಕೂತ ಒಂದು ಕೋತಿ, ಪರದೆ ತುಂಬ ಒಂದು ದೊಡ್ಡ ಕಣ್ಣು.

ಶುರುವಾಗುವ ರೀತಿ ಕೇಳಿ. ಎಲ್ಲೋ ನಾಯಿ ಬೊಗಳುತ್ತಿದೆ. ಟಿವಿ ಸದ್ದು ಕೇಳುತ್ತದೆ. ಜೆಫ್ ಬೆಕ್ ಗಿಟಾರ್ ಮೆಲ್ಲಗೆ ಏಳುತ್ತದೆ. ಆಮೇಲೆ ಬರುವುದು ಒಬ್ಬ ಅಜ್ಜನ ಮಾತು. ಹೆಸರು ಆಲ್ಫ್ ರಾಜೆಲ್. ಮೊದಲನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಫ್ಯುಸಿಲಿಯರ್ಸ್ ದಳದಲ್ಲಿದ್ದವರು. ಗಾಯಗೊಂಡು ಬಿದ್ದಿದ್ದ ಜೊತೆಗಾರ ಬಿಲ್ ಹಬರ್ಡ್‌ನನ್ನು ಹೊತ್ತು ತರಲು ಪ್ರಯತ್ನ ಪಡುತ್ತಾರೆ. ಅವನಿಗೆ ನೋವು ತಡೆಯಲು ಆಗುವುದಿಲ್ಲ. ಕೆಳಗಿಳಿಸು ಅಂತ ಬೇಡಿಕೊಳ್ಳುತ್ತಾನೆ. ಕೊನೆಗೆ ಎರಡೂ ಸೇನೆಗಳ ನಡುವಿನ ಬಯಲಲ್ಲಿ ಅವನನ್ನು ಬಿಟ್ಟು ಬರಬೇಕಾಗುತ್ತದೆ. ಇದನ್ನು ಯಾವ ನಟನೂ ಓದಿಲ್ಲ. ಬಿಬಿಸಿಯ ಸಾಕ್ಷ್ಯಚಿತ್ರಕ್ಕೆ ಆ ಅಜ್ಜ ಹೇಳಿದ್ದನ್ನೇ ವಾಟರ್ಸ್ ಇಟ್ಟುಕೊಂಡಿದ್ದಾರೆ. ಇಡೀ ಆಲ್ಬಂ ಬಿಲ್ ಹಬರ್ಡ್ ಹೆಸರಿಗೇ ಅರ್ಪಣೆ.

ಆ ಮಾತಿನ ಬಿಸಿ ಇನ್ನೂ ಆರಿರುವುದಿಲ್ಲ, ಚಾನೆಲ್ ಬದಲಾಗುತ್ತದೆ. ಬೇರೆ ಯಾರದೋ ದನಿ. ಯುದ್ಧ ಆದರೆ ನನಗೇನೂ ಬೇಜಾರಿಲ್ಲ, ನೋಡೋಕೆ ಇಷ್ಟ, ನಮ್ಮವರು ಗೆಲ್ತಿದ್ದಾರಾ ಸೋಲ್ತಿದ್ದಾರಾ ಗೊತ್ತಾಗುತ್ತಲ್ಲ, ಅನ್ನುವ ಅರ್ಥದ ಮಾತು. ಈ ಎರಡು ದನಿಗಳನ್ನು ಅಕ್ಕಪಕ್ಕ ಇಟ್ಟಿದ್ದೇ ಸಾಕು ಅಲ್ವಾ? ಒಬ್ಬರಿಗೆ ಯುದ್ಧ ಅಂದರೆ ಭುಜದ ಮೇಲಿನ ಭಾರ. ಇನ್ನೊಬ್ಬರಿಗೆ ಸಂಜೆ ಹೊತ್ತಿನ ಕಾರ್ಯಕ್ರಮ. ಮುಂದಿನ ಹಾಡುಗಳೆಲ್ಲ ಈ ಅಂತರದ ಬಗ್ಗೆಯೇ.

ನೀವೆಲ್ಲ ಏನಂತೀರಿ?

ಫ್ರೆಟ್‌ಬೋರ್ಡ್

ಕ್ಯಾಸೆಟ್ ಸರ್, ಶುರು ಚೆನ್ನಾಗಿದೆ, ಒಪ್ಪಿದೆ. ಆದರೆ ಆಮೇಲೆ? ಒಂದರ ಮೇಲೊಂದು ಭಾಷಣ. ‘ವಾಟ್ ಗಾಡ್ ವಾಂಟ್ಸ್’ ಮೂರು ಭಾಗಗಳಲ್ಲಿ ಬರುತ್ತದೆ. ದೇವರಿಗೆ ಅದು ಬೇಕು, ಇದು ಬೇಕು ಅಂತ ಪಟ್ಟಿ ಓದಿದ ಹಾಗೆ. ಎಲ್ಲರೂ ತಮ್ಮ ತಮ್ಮ ಆಸೆಯನ್ನು ದೇವರ ತಲೆಗೆ ಕಟ್ಟುತ್ತಾರೆ ಅನ್ನುವುದು ಮೊದಲ ನಿಮಿಷಕ್ಕೇ ಅರ್ಥ ಆಗುತ್ತದೆ. ಅದನ್ನೇ ಅಷ್ಟು ಹೊತ್ತು ಹೇಳಬೇಕಾ?

ನಾನು ಗಿಟಾರ್ ಕಲಿಸುವವನು. ನನ್ನ ತಕರಾರು ರಾಜಕೀಯದ ಬಗ್ಗೆ ಅಲ್ಲ, ರಾಗದ ಬಗ್ಗೆ. ಫ್ಲಾಯ್ಡ್‌ನಲ್ಲಿದ್ದಾಗ ವಾಟರ್ಸ್ ಅವರ ಕಹಿ ಮಾತಿನ ಪಕ್ಕದಲ್ಲಿ ಗಿಲ್ಮೋರ್ ಅವರ ಗಿಟಾರ್ ಇತ್ತು, ರಿಕ್ ರೈಟ್ ಅವರ ಕೀಬೋರ್ಡ್ ಇತ್ತು. ಕಹಿ ಗುಳಿಗೆಯ ಜೊತೆ ಒಂದು ಚಮಚ ಜೇನು ಕೊಟ್ಟ ಹಾಗೆ. ಇಲ್ಲಿ ಬರೀ ಗುಳಿಗೆ. ಬೆಕ್ ಅದ್ಭುತ ವಾದಕ, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಅತಿಥಿ. ಹಾಡು ಹೇಗೆ ಸಾಗಬೇಕು ಅಂತ ವಾಟರ್ಸ್ ಜೊತೆ ಜಗಳ ಆಡುವ ಹಕ್ಕು ಅವರಿಗಿರಲಿಲ್ಲ. ತಂಡದಲ್ಲಿ ಆ ಜಗಳ ಇತ್ತು, ಅದರಿಂದಲೇ ಹಾಡು ಚೆನ್ನಾಗಿ ಬರುತ್ತಿತ್ತು.

ಚಾಮರಾಜಪೇಟೆ

ಈ ಆಲ್ಬಂ ನಮಗೆ ಎಷ್ಟು ಹತ್ತಿರದ್ದು ಅನ್ನುವುದಕ್ಕೆ ಒಂದು ವಿಷಯ ಹೇಳುತ್ತೇನೆ.

1991ರ ಜನವರಿಯಲ್ಲಿ ಕೊಲ್ಲಿ ಯುದ್ಧ ಶುರುವಾಯಿತು. ಬಾಗ್ದಾದ್ ಮೇಲೆ ಬಾಂಬ್ ಬೀಳುವುದನ್ನು ಸಿಎನ್‌ಎನ್ ನೇರವಾಗಿ ತೋರಿಸಿತು. ಆಗ ನಮ್ಮ ದೇಶದಲ್ಲಿ ಇದ್ದದ್ದು ದೂರದರ್ಶನ ಮಾತ್ರ. ದೊಡ್ಡ ಹೋಟೆಲ್‌ಗಳು ಆ ಯುದ್ಧ ತೋರಿಸಲಿಕ್ಕೆ ಅಂತಲೇ ಡಿಶ್ ಹಾಕಿಸಿದವು. ಆಮೇಲೆ ಬೀದಿ ಬೀದಿಯಲ್ಲಿ ಕೇಬಲ್‌ನವರು ಹುಟ್ಟಿಕೊಂಡರು. ಟೆರೇಸಿನ ಮೇಲೆ ಒಂದು ದೊಡ್ಡ ತಟ್ಟೆ, ಅಲ್ಲಿಂದ ಮನೆ ಮನೆಗೆ ಕರಿ ವೈರು, ಕೆಲವು ಕಡೆ ತೆಂಗಿನ ಮರಕ್ಕೇ ಸುತ್ತಿ ಎಳೆದಿರುತ್ತಿದ್ದರು. ಅದೇ ವರ್ಷ ಸ್ಟಾರ್ ಟಿವಿ ಬಂತು. 1992ರಲ್ಲಿ ಝೀ, 1994ರಲ್ಲಿ ಉದಯ. ನಮ್ಮ ಊರುಗಳಿಗೆ ಕೇಬಲ್ ಟಿವಿ ಬಂದ ದಾರಿ ಒಂದು ಯುದ್ಧದ ಮೂಲಕ ಬಂತು ಅಂದರೆ ತಪ್ಪಿಲ್ಲ.

ವಾಟರ್ಸ್ ಈ ಹಾಡುಗಳ ಕೆಲಸ 80ರ ದಶಕದ ಕೊನೆಗೇ ಶುರು ಮಾಡಿದ್ದರು. ನಡುವೆ ಆ ಯುದ್ಧ ಬಂತು, ಆಲ್ಬಂನ ಸ್ವರೂಪವೇ ಗಟ್ಟಿಯಾಯಿತು. ಅವರು ಇಂಗ್ಲೆಂಡಿನಲ್ಲಿ ಕೂತು ನೋಡಿದ ಅದೇ ಹಸಿರು ಬಣ್ಣದ ರಾತ್ರಿ ದೃಶ್ಯ, ಅದೇ ಬೆಳಕಿನ ಗುಂಡುಗಳು ನಮ್ಮವರ ಕಣ್ಣಿಗೂ ಬಿದ್ದವು. ಹಾಗಾಗಿ ಇದನ್ನು ದೂರದ ದೇಶದ ಆಲ್ಬಂ ಅಂತ ಬದಿಗಿಡಲು ನನಗೆ ಆಗುವುದಿಲ್ಲ.

ಮೈದಾನದ ಹಿಂದಿನ ಸಾಲು

ಬೆಂಗಳೂರಿಗೆ ಇದಕ್ಕಿಂತ ನೇರವಾದ ಸಂಬಂಧ ಇದೆ. 2002ರ ಏಪ್ರಿಲ್‌ನಲ್ಲಿ ವಾಟರ್ಸ್ ಅರಮನೆ ಮೈದಾನದಲ್ಲಿ ಹಾಡಿದರು. ‘ಇನ್ ದಿ ಫ್ಲೆಶ್’ ಪ್ರವಾಸ. ನಾನಿದ್ದೆ.

ಜನ ಬಂದಿದ್ದು ಫ್ಲಾಯ್ಡ್ ಹಾಡುಗಳಿಗೆ, ಅದರಲ್ಲಿ ಅನುಮಾನವೇ ಇಲ್ಲ. ‘ದಿ ವಾಲ್’ ಆಲ್ಬಂನ ಗೋಡೆ ಹಾಡು ಬಂದಾಗ ಇಡೀ ಮೈದಾನ ಕೂಗಿತು. ಆದರೆ ‘ಪರ್ಫೆಕ್ಟ್ ಸೆನ್ಸ್’ ಶುರುವಾದಾಗ ನನ್ನ ಸುತ್ತ ಇದ್ದವರಲ್ಲಿ ತುಂಬಾ ಜನಕ್ಕೆ ಇದು ಯಾವ ಹಾಡು ಅಂತ ಗೊತ್ತಿರಲಿಲ್ಲ. ಗಾಯಕಿ ಪಿ.ಪಿ. ಆರ್ನಾಲ್ಡ್ ದನಿ ಎತ್ತಿದ ಮೇಲೆ ಎಲ್ಲರೂ ವೇದಿಕೆ ಕಡೆ ತಿರುಗಿದರು. ಆಲ್ಬಂನಲ್ಲೂ ಆ ಹಾಡಿನ ಮೊದಲ ಭಾಗ ಅವರದ್ದೇ. ಅಂಥ ದನಿ ಕೇಳಲು ಹಾಡು ಗೊತ್ತಿರಬೇಕಿಲ್ಲ.

ಆ ಹಾಡಿನ ಎರಡನೇ ಭಾಗ ಏನು ಅಂತ ಗೊತ್ತಿಲ್ಲದವರಿಗೆ: ಒಂದು ಜಲಾಂತರ್ಗಾಮಿ ಸಮುದ್ರದಲ್ಲಿರುವ ತೈಲ ಬಾವಿಯ ಅಟ್ಟಣಿಗೆ ಮೇಲೆ ದಾಳಿ ಮಾಡುತ್ತದೆ. ಅದನ್ನು ಮ್ಯಾಚಿನ ವೀಕ್ಷಕ ವಿವರಣೆ ತರಹ ಹೇಳುತ್ತಾರೆ. ಹೇಳುವವರು ಮಾರ್ವ್ ಆಲ್ಬರ್ಟ್. ಅಮೆರಿಕದಲ್ಲಿ ಬಾಸ್ಕೆಟ್‌ಬಾಲ್ ಕಾಮೆಂಟರಿಗೆ ಅವರು ದೊಡ್ಡ ಹೆಸರು. ಟಾರ್ಪಿಡೋ ಹೊರಟಿತು, ಗುರಿ ಮುಟ್ಟಿತು, ಜನ ಹೋ ಅಂತ ಕೂಗಿದರು. ಕೂಡಲೇ ಕ್ರೀಡಾಂಗಣದಲ್ಲಿ ಎಲ್ಲರೂ ಸೇರಿ ಹಾಡುವ ಒಂದು ಗೀತೆ. ಎಲ್ಲವನ್ನೂ ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಸರಿಯಾಗಿಯೇ ಇದೆ ಅನ್ನುವ ಧಾಟಿ.

ಅದು ಯಾವ ಸಮಯ ನೆನಪಿಸಿಕೊಳ್ಳಿ. ಹಿಂದಿನ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ಆಗಿತ್ತು. ನಮ್ಮ ಸೇನೆ, ಅವರ ಸೇನೆ ಗಡಿಯಲ್ಲಿ ಎದುರುಬದುರು ನಿಂತಿದ್ದವು. ಗುಜರಾತ್ ಇನ್ನೂ ಉರಿಯುತ್ತಿತ್ತು. ಮೂರು ವರ್ಷದ ಹಿಂದೆ ಕಾರ್ಗಿಲ್ ಯುದ್ಧವನ್ನು ನಾವು ಟಿವಿಯಲ್ಲಿ ನೋಡಿದ್ದೆವು, ಬೋಫೋರ್ಸ್ ಸಿಡಿಯುವಾಗ ಮನೆಯಲ್ಲಿ ಚಪ್ಪಾಳೆ ಹೊಡೆದಿದ್ದೆವು. ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದ ಊರಿನಲ್ಲಿ ಯುದ್ಧದ ಕಾಮೆಂಟರಿ ಕೇಳಿದಾಗ ನನಗೆ ಮೈ ಜುಂ ಅಂತು. ಫ್ಲಾಯ್ಡ್ ಹಾಡು ಯಾವುದು ಮೊದಲು ಬಂತು, ಯಾವುದು ಆಮೇಲೆ ಅನ್ನುವುದು ಈಗ ಮರೆತಿದೆ. ಇದು ಮರೆತಿಲ್ಲ.

ಹಳೇ ಕ್ಯಾಸೆಟ್

ಹಿಂದಿನ ಸಾಲು ಅವರೇ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇನ್ನೊಂದು ಮಾತು ಸೇರಿಸುತ್ತೇನೆ. ಆಲ್ಬಂ ಬಂದಾಗ ಅದರ ಪ್ರವಾಸವೇ ಆಗಲಿಲ್ಲ. ಈ ಹಾಡುಗಳು ಹೆಚ್ಚಾಗಿ ವೇದಿಕೆ ಹತ್ತಿದ್ದು ಈ ‘ಇನ್ ದಿ ಫ್ಲೆಶ್’ ಪ್ರವಾಸದಲ್ಲಿ. ಹಾಗಾಗಿ ಅವನ್ನು ನೇರವಾಗಿ ಕೇಳಿದ ಊರುಗಳಲ್ಲಿ ಬೆಂಗಳೂರೂ ಒಂದು ಅನ್ನುವುದು ಸಣ್ಣ ಮಾತಲ್ಲ.

ಫ್ರೆಟ್‌ಬೋರ್ಡ್, ನಿಮ್ಮ ‘ವಾಟ್ ಗಾಡ್ ವಾಂಟ್ಸ್’ ತಕರಾರಿಗೆ ನನ್ನ ಉತ್ತರ: ಆ ಪಟ್ಟಿ ಉದ್ದ ಇರಬೇಕು. ಒಳ್ಳೆಯದು, ಕೆಟ್ಟದ್ದು, ಶಾಂತಿ, ಯುದ್ಧ, ದುಡ್ಡು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ದೇವರ ಹೆಸರಲ್ಲಿ ಕೂಗುತ್ತಾ ಹೋದಾಗಲೇ ಅದರ ಹುಚ್ಚುತನ ತಿಳಿಯುವುದು. ಟಿವಿಯಲ್ಲಿ ಧರ್ಮ ಬೋಧಕರು ದುಡ್ಡು ಕೇಳುತ್ತಿದ್ದ ಕಾಲ ಅದು.

ತುಂಗಾ ತೀರ

ನಾನು ಶಿವಮೊಗ್ಗದವಳು. ಆಲ್ಬಂ ನನಗೂ ಇಷ್ಟ. ಆದರೆ ಯಾರೂ ಎತ್ತದ ಒಂದು ವಿಷಯ ಎತ್ತಲೇಬೇಕು. ‘ವಾಚಿಂಗ್ ಟಿವಿ’.

1989ರ ಜೂನ್‌ನಲ್ಲಿ ಬೀಜಿಂಗ್‌ನ ತಿಯಾನನ್ಮೆನ್ ಚೌಕದಲ್ಲಿ ಸತ್ತ ಒಬ್ಬ ವಿದ್ಯಾರ್ಥಿನಿಯ ಬಗ್ಗೆ ಹಾಡು. ಈಗಲ್ಸ್ ತಂಡದ ಡಾನ್ ಹೆನ್ಲಿ ಜೊತೆಗೆ ಹಾಡಿದ್ದಾರೆ. ಅಕೂಸ್ಟಿಕ್ ಗಿಟಾರ್, ಸರಳ ರಾಗ, ಕೇಳಲು ಬಹಳ ಚೆನ್ನಾಗಿದೆ. ಆದರೆ ಆ ಹುಡುಗಿಯನ್ನು ಹೇಗೆ ಬಣ್ಣಿಸುತ್ತಾರೆ ಕೇಳಿದ್ದೀರಾ? ಎದೆ, ತೊಡೆ, ಕಣ್ಣಿನ ಆಕಾರ, ಚರ್ಮದ ಬಣ್ಣ. ಅವಳು ಏನು ಓದುತ್ತಿದ್ದಳು, ಏನು ಕೇಳಲು ಬಂದಿದ್ದಳು ಅನ್ನುವುದಕ್ಕಿಂತ ಅವಳ ಮೈ ಮೊದಲು ಬರುತ್ತದೆ. ಒಬ್ಬ ಬಿಳಿಯ ಗಂಡಸು ಏಷ್ಯಾದ ಹೆಣ್ಣನ್ನು ನೋಡುವ ಹಳೇ ಚಾಳಿ ಅದು. ನನಗೆ ಪ್ರತಿ ಸಲ ಅಲ್ಲಿ ಕಿರಿಕಿರಿ ಆಗುತ್ತದೆ.

ಚಾಮರಾಜಪೇಟೆ

ಮೇಡಂ, ಅದು ವಾಟರ್ಸ್ ದನಿ ಅಲ್ಲ ಅಂತ ನನಗನ್ನಿಸುತ್ತದೆ. ಟಿವಿ ನೋಡುವವನ ದನಿ. ಅವನು ಸಾಯುತ್ತಿರುವ ಹುಡುಗಿಯನ್ನೂ ಹಾಗೇ ನೋಡುತ್ತಾನೆ. ಅದೇ ಹಾಡಿನ ಕಡೆಗೆ ಇನ್ನೊಂದು ಮಾತಿದೆ. ಇತಿಹಾಸದಲ್ಲಿ ಹೀಗೆ ಸತ್ತವರು ಲೆಕ್ಕವಿಲ್ಲದಷ್ಟು ಜನ, ಇವಳು ಅವರಿಗಿಂತ ಬೇರೆ ಯಾಕೆಂದರೆ ಇವಳು ಟಿವಿಯಲ್ಲಿ ಸತ್ತಳು ಅನ್ನುವ ಅರ್ಥದ್ದು. ಇಡೀ ಆಲ್ಬಂನಲ್ಲಿ ನನಗೆ ಜಾಸ್ತಿ ಚುಚ್ಚುವ ಜಾಗ ಅದೇ.

ತುಂಗಾ ತೀರ

ಆ ಸಾಲು ದೊಡ್ಡದು, ನಾನೂ ಒಪ್ಪುತ್ತೇನೆ. ಟಿವಿಗೆ ಸಿಕ್ಕವರಿಗೆ ಮಾತ್ರ ನಾವು ಅಳುತ್ತೇವೆ ಅನ್ನುವುದು ನಿಜ. ಆದರೆ ನೋಡುವವನ ದನಿ ಅನ್ನುವ ವಾದ ನನಗೆ ಪೂರ್ತಿ ಹಿಡಿಸಲಿಲ್ಲ ಸರ್. ಅದೇ ಹಾಡಿನಲ್ಲಿ ಅವಳನ್ನು ಎಲ್ಲರ ಅಕ್ಕ-ತಂಗಿ ಅಂತ ಎತ್ತಿ ಹಿಡಿಯುವ ಭಾವವೂ ಇದೆ. ಅದು ನೋಡುವವನ ದನಿ ಅಲ್ಲ, ಬರೆದವರದ್ದೇ. ಹಾಗಿದ್ದಮೇಲೆ ಇದೂ ಅವರದ್ದೇ. ಬಿಲ್ ಹಬರ್ಡ್‌ಗೆ ಸಿಕ್ಕ ಮರ್ಯಾದೆ ಅವಳಿಗೆ ಸಿಗಲಿಲ್ಲ. ಹಬರ್ಡ್ ಹೇಗಿದ್ದ, ಕಣ್ಣು ಯಾವ ಬಣ್ಣ ಅಂತ ಯಾರೂ ಹೇಳುವುದಿಲ್ಲ. ಅವನ ನೋವು ಮಾತ್ರ ಕೇಳುತ್ತೇವೆ. ಅವನಿಗೆ ಹೆಸರಿದೆ. ಅವಳಿಗಿಲ್ಲ.

ಹಳೇ ಕ್ಯಾಸೆಟ್

ಇದು ಗಟ್ಟಿ ಮಾತು. ಹಬರ್ಡ್ ಜೊತೆಗೆ ಹೋಲಿಸಿ ನೋಡಿದರೆ ಆ ಹಾಡಿನ ಕೊರತೆ ಎದ್ದು ಕಾಣುತ್ತದೆ.

ಹುಬ್ಬಳ್ಳಿ ಧಾರವಾಡ

ಹೆಂಗಸರ ವಿಷಯಕ್ಕೆ ಬಂದರೆ ‘ಲೇಟ್ ಹೋಮ್ ಟುನೈಟ್’ ಬಗ್ಗೆ ಹೇಳಬೇಕು ಅಕ್ಕಾ. ಅದನ್ನ ಕೇಳಿ ನೋಡಿ, ಅಲ್ಲಿ ಅವರು ಬೇರೆಯೇ ರೀತಿ ನೋಡಿದ್ದಾರೆ.

1986ರ ಏಪ್ರಿಲ್‌ನಲ್ಲಿ ಅಮೆರಿಕ ಲಿಬಿಯಾ ಮೇಲೆ ಬಾಂಬ್ ಹಾಕಿತು. ವಿಮಾನಗಳಲ್ಲಿ ಕೆಲವು ಇಂಗ್ಲೆಂಡಿನ ನೆಲೆಗಳಿಂದಲೇ ಹೊರಟವು. ಫ್ರಾನ್ಸ್ ತನ್ನ ಆಕಾಶ ಬಿಟ್ಟುಕೊಡಲಿಲ್ಲ, ಸುತ್ತು ಹಾಕಿ ಹೋಗಬೇಕಾಯಿತು. ವಾಟರ್ಸ್ ಈ ದೊಡ್ಡ ಸಂಗತಿ ಯಾವುದನ್ನೂ ಹೇಳುವುದಿಲ್ಲ. ಆಕ್ಸ್‌ಫರ್ಡ್‌ಶೈರ್‌ನಲ್ಲಿ ಒಬ್ಬ ರೈತನ ಹೆಂಡತಿ ಕಿಟಕಿ ಹತ್ತಿರ ನಿಂತಿದ್ದಾಳೆ. ಗಡಿಯಾರ ನೋಡುತ್ತಾಳೆ, ಚಹಾದ ಹೊತ್ತಾಯಿತು. ಹೊಲದ ಬೇಲಿ ಮೇಲೆ ವಿಮಾನ ಹಾರಿ ಹೋಗಿದ್ದು ಅವಳಿಗೆ ಕಾಣುವುದಿಲ್ಲ. ಅತ್ತ ಟ್ರಿಪೋಲಿಯಲ್ಲಿ ಇನ್ನೊಬ್ಬ ಸಾಮಾನ್ಯ ಹೆಣ್ಣುಮಗಳು. ಅವಳ ಮನೆ ನಲ್ಲಿ ಸೋರುತ್ತಿದೆ. ಗಂಡನಿಗೆ ರಿಪೇರಿ ಮಾಡಲು ಪುರುಸೊತ್ತು ಸಿಕ್ಕಿಲ್ಲ. ಅವಳು ಅದನ್ನೇ ನೋಡುತ್ತಾ ನಿಂತಿದ್ದಾಳೆ. ಆಗ ಬಾಂಬ್.

ನಾನು ಮೊದಲ ಸಲ ರಾತ್ರಿ ಹೊತ್ತು ಸೌಂಡ್ ಜಾಸ್ತಿ ಇಟ್ಟು ಕೇಳಿದೆ. ಆ ಸಿಡಿತಕ್ಕೆ ಮನೆಯವರೆಲ್ಲ ಎದ್ದು ಬಂದರು. ಹಾಡು ಬಹಳ ಮೆತ್ತಗೆ ಹೋಗುತ್ತಿರುತ್ತದೆ, ಸುಳಿವೇ ಕೊಡುವುದಿಲ್ಲ. ಪೈಲಟ್ ಮನೆಗೆ ಬರುತ್ತಾನೆ, ಅವನಿಗೆ ವೀರನ ಸ್ವಾಗತ. ವಾಟರ್ಸ್ ಆ ಹುಡುಗನನ್ನೂ ರಾಕ್ಷಸ ಮಾಡುವುದಿಲ್ಲ. ಅವನು ಚಿಕ್ಕ ವಯಸ್ಸಿನವನು, ಹೇಳಿದ ಕೆಲಸ ಮಾಡಿದ್ದಾನೆ. ಸಿಟ್ಟು ಬಾಕಿ ಇರುವುದು ಮುಂದಿನ ಹಾಡುಗಳಿಗೆ.

ಫ್ರೆಟ್‌ಬೋರ್ಡ್ ಸರ್ ಭಾಷಣ ಅಂದರಲ್ಲ, ಈ ಹಾಡಿನಲ್ಲಿ ಭಾಷಣ ಎಲ್ಲಿದೆ ತೋರಿಸಿ. ಸೋರುವ ನಲ್ಲಿ ಇದೆ. ರಾಜಕೀಯ ಹಾಡು ಬರೆಯಬೇಕು ಅನ್ನುವವರು ಇದನ್ನ ಕೇಳಿ ಕಲಿಯಬೇಕು.

ಫ್ರೆಟ್‌ಬೋರ್ಡ್

ಅದು ಚೆನ್ನಾಗಿದೆ ಗುರುಗಳೇ, ಒಪ್ಪಿಕೊಂಡೆ. ಅದಕ್ಕೇ ‘ದಿ ಬ್ರೇವರಿ ಆಫ್ ಬೀಯಿಂಗ್ ಔಟ್ ಆಫ್ ರೇಂಜ್’ ನನಗೆ ಇಳಿಕೆ ಅನ್ನಿಸುವುದು. ಗುಂಡು ತಾಗದಷ್ಟು ದೂರ ನಿಂತು ಶೂರರಾಗುವ ಮುದುಕ ರಾಜಕಾರಣಿಗಳು, ಸಾವಿರಾರು ಮೈಲಿ ಆಚೆ ಬಾರಿನಲ್ಲಿ ಕುಡಿಯುತ್ತಾ ಯುದ್ಧ ನೋಡುವವರು. ವಿಷಯ ಸರಿ. ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್‌ಗೆ ಏಟು ಹೊಡೆದಿದ್ದಾರೆ ಅನ್ನುವುದೂ ಸರಿ. ಆದರೆ ಅಲ್ಲಿ ಕೈ ತೋರಿಸಿ ಬೈಯುತ್ತಾರೆ, ಸೋರುವ ನಲ್ಲಿಯಂಥದ್ದು ಒಂದೂ ಇಲ್ಲ.

ಹಳೇ ಕ್ಯಾಸೆಟ್

ನನಗೆ ಆ ಹಾಡಿನ ಒರಟುತನವೇ ಇಷ್ಟ. ಆಲ್ಬಂನಲ್ಲಿ ನಿಜವಾಗಿ ರಾಕ್ ಅನ್ನಿಸಿಕೊಳ್ಳುವ ಹಾಡುಗಳು ಕಡಿಮೆ, ಅದರಲ್ಲಿ ಇದು ಒಂದು. ಮೆತ್ತಗಿನ ಹಾಡುಗಳ ನಡುವೆ ಒಂದು ಸಲ ಮೇಜು ಗುದ್ದಬೇಕು.

ವಾಟರ್ಸ್ ಅವರ ಈ ಸಿಟ್ಟಿನ ಬೇರು ಎಲ್ಲಿದೆ ಅನ್ನುವುದನ್ನೂ ನೋಡಬೇಕು. ಅವರ ತಂದೆ ಎರಿಕ್ ಫ್ಲೆಚರ್ ವಾಟರ್ಸ್ 1944ರ ಫೆಬ್ರವರಿಯಲ್ಲಿ ಇಟಲಿಯ ಆನ್‌ಜಿಯೊ ಹತ್ತಿರ ಸತ್ತರು. ಮಗನಿಗೆ ಆಗ ಐದು ತಿಂಗಳು. ತಂದೆಯ ಮುಖ ನೆನಪಿಲ್ಲದ ಮಗ. ಫ್ಲಾಯ್ಡ್‌ನ ‘ದಿ ವಾಲ್’, ‘ದಿ ಫೈನಲ್ ಕಟ್’ ಎರಡರಲ್ಲೂ ಆ ಗಾಯ ಇದೆ. ಆದರೆ ಅಲ್ಲಿ ಸ್ವಂತ ತಂದೆ. ಇಲ್ಲಿ ಬಿಲ್ ಹಬರ್ಡ್, ತಾನು ಕಂಡೇ ಇರದ ಯಾರದೋ ಮಗ. ಸ್ವಂತ ದುಃಖದಿಂದ ಹೊರಗೆ ಬಂದು ಬೇರೆಯವರ ದುಃಖಕ್ಕೆ ಜಾಗ ಕೊಟ್ಟಿದ್ದಾರೆ. ಅದಕ್ಕೇ ಇದು ಅವರ ಎಲ್ಲ ಆಲ್ಬಂಗಿಂತ ದೊಡ್ಡದು ಅಂತ ನಾನು ಹೇಳುವುದು.

ಕೊನೆಯಲ್ಲೂ ಆ ಅಜ್ಜ ಮತ್ತೆ ಬರುತ್ತಾರೆ. ಕಾಣೆಯಾದ ಸೈನಿಕರಿಗಾಗಿ ಕಟ್ಟಿದ ಸ್ಮಾರಕದಲ್ಲಿ, 1984ರಲ್ಲಿ, ಅವರಿಗೆ ಬಿಲ್ ಹಬರ್ಡ್ ಹೆಸರು ಕಣ್ಣಿಗೆ ಬೀಳುತ್ತದೆ. ಅಲ್ಲಿವರೆಗೆ ಕೆಟ್ಟ ಕನಸಾಗಿ ಕಾಡುತ್ತಿದ್ದವನು ಮತ್ತೆ ಮನುಷ್ಯನಾದ, ಎದೆ ಹಗುರಾಯಿತು ಅನ್ನುತ್ತಾರೆ. ಬಿಟ್ಟು ಬಂದಿದ್ದು 1917ರಲ್ಲಿ. ಅರವತ್ತೇಳು ವರ್ಷ ಒಬ್ಬ ಮನುಷ್ಯ ಅದನ್ನು ಹೊತ್ತು ತಿರುಗಿದ್ದಾನೆ. ಟಿವಿ ನೋಡುವವನಿಗೆ ಅದು ಮುಂದಿನ ಜಾಹೀರಾತು ಬರುವ ತನಕ ಮಾತ್ರ.

ಕುಡ್ಲದ ಕೇಳುಗ

ರಾಜಕೀಯ ಎಲ್ಲ ಮಾತಾಡಿದಿರಿ, ಸೌಂಡ್ ಬಗ್ಗೆ ಒಬ್ಬರೂ ಹೇಳಲಿಲ್ಲ ಮಾರಾಯ್ರೆ! ನಾನು ಈ ಆಲ್ಬಂ ಹಿಡಿದದ್ದೇ ಸೌಂಡ್‌ಗಾಗಿ.

ಇದನ್ನು ಕ್ಯೂಸೌಂಡ್ ಅನ್ನುವ ವಿಧಾನದಲ್ಲಿ ಮಿಕ್ಸ್ ಮಾಡಿದ್ದಾರೆ. ಎರಡೇ ಸ್ಪೀಕರ್, ಆದರೆ ಸದ್ದು ಸ್ಪೀಕರ್‌ನಿಂದ ಆಚೆ, ಪಕ್ಕದಿಂದ, ಕೆಲವೊಮ್ಮೆ ಬೆನ್ನ ಹಿಂದಿನಿಂದ ಬಂದ ಹಾಗೆ ಕೇಳುತ್ತದೆ. ಶುರುವಿನ ಆ ನಾಯಿ ಇದೆಯಲ್ಲ, ನಮ್ಮ ಮನೆಯಲ್ಲಿ ಕೇಳಿದವರು ಒಬ್ಬರಲ್ಲ ಒಬ್ಬರು ಕಿಟಕಿ ಕಡೆ ತಿರುಗಿಯೇ ತಿರುಗುತ್ತಾರೆ. ಆದರೆ ಇದಕ್ಕೆ ಸ್ಪೀಕರ್ ಬೇಕು. ಎರಡು ಸ್ಪೀಕರ್, ನೀವು ಕೂರುವ ಜಾಗ, ಮೂರೂ ಸೇರಿ ಸಮ ತ್ರಿಕೋನ ಆಗಬೇಕು. ಒಂದು ಕಿವಿಗೆ ಎರಡೂ ಸ್ಪೀಕರ್‌ನ ಸದ್ದು ಸ್ವಲ್ಪ ಹಿಂದೆ ಮುಂದೆ ತಲುಪುತ್ತದಲ್ಲ, ಆ ಚಮತ್ಕಾರ ನಡೆಯುವುದೇ ಅದರ ಮೇಲೆ. ಇಯರ್‌ಫೋನ್‌ನಲ್ಲಿ ಕೇಳಿ "ಏನೂ ಇಲ್ಲ" ಅನ್ನಬೇಡಿ.

ಜೊತೆಗೆ ನಿರ್ಮಾಣ ಮಾಡಿದವರು ಪ್ಯಾಟ್ರಿಕ್ ಲೆನಾರ್ಡ್. ಮಡೋನಾ ಜೊತೆ ದೊಡ್ಡ ದೊಡ್ಡ ಹಾಡು ಮಾಡಿದವರು. ‘ಇಟ್ಸ್ ಎ ಮಿರಾಕಲ್’ನಲ್ಲಿ ಡ್ರಮ್ಸ್ ನುಡಿಸಿದವರು ಟೋಟೊ ತಂಡದ ಜೆಫ್ ಪೊರ್ಕಾರೊ. ಆಲ್ಬಂ ಹೊರಬರುವ ಮುಂಚೆ, 1992ರ ಆಗಸ್ಟ್‌ನಲ್ಲೇ ತೀರಿಕೊಂಡರು. ಆ ಹಾಡಿನ ನಿಧಾನವಾದ, ಭಾರವಾದ ತಾಳ ಕೇಳಿ. ಗುಡುಗಿನ ಸದ್ದು ಎಷ್ಟು ದೊಡ್ಡದು ಅಂದರೆ ಗಾಜು ಅದುರುತ್ತದೆ.

ಇನ್ನೊಂದು ಕತೆ ಇದೆ. ‘ಪರ್ಫೆಕ್ಟ್ ಸೆನ್ಸ್’ನಲ್ಲಿ ಸ್ಟಾನ್ಲಿ ಕ್ಯೂಬ್ರಿಕ್ ಅವರ ಬಾಹ್ಯಾಕಾಶದ ಸಿನಿಮಾದಿಂದ ಹ್ಯಾಲ್ ಅನ್ನುವ ಕಂಪ್ಯೂಟರ್ ಸಾಯುವಾಗ ಆಡುವ ಮಾತು ಹಾಕಬೇಕು ಅಂತ ವಾಟರ್ಸ್ ಕೇಳಿದರು. ಕ್ಯೂಬ್ರಿಕ್ ಬಿಲ್‌ಕುಲ್ ಕೊಡಲಿಲ್ಲ. ವಾಟರ್ಸ್ ಆ ಜಾಗದಲ್ಲಿ ಕ್ಯೂಬ್ರಿಕ್‌ಗೆ ಉದ್ದೇಶಿಸಿದ ಒಂದು ಮಾತನ್ನು ತಿರುಗುಮುರುಗಾಗಿ ಸೇರಿಸಿಬಿಟ್ಟರು. 2015ರ ಹೊಸ ಮಿಕ್ಸ್‌ನಲ್ಲಿ ಹ್ಯಾಲ್ ಮಾತು ಕೊನೆಗೂ ಬಂದಿದೆ.

ಟೊರೊಂಟೊ ಕನ್ನಡಿಗ

ಒಂದು ಪ್ರಶ್ನೆ ಎಲ್ಲರೂ ತಪ್ಪಿಸುತ್ತಿದ್ದೀರಿ. ವಾಟರ್ಸ್ ಅವರ ಈಗಿನ ಮಾತುಗಳ ಜೊತೆ ಈ ಆಲ್ಬಂ ಕೇಳುವುದು ಹೇಗೆ? ಇಸ್ರೇಲ್ ಮೇಲೆ ಬಹಿಷ್ಕಾರ ಹಾಕಬೇಕು ಅಂತ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ. ಯುಕ್ರೇನ್ ಬಗ್ಗೆ 2023ರ ಫೆಬ್ರವರಿಯಲ್ಲಿ ರಷ್ಯಾದ ಆಹ್ವಾನದ ಮೇಲೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಮಾತಾಡಿದರು. ಪೋಲೆಂಡಿನ ಕ್ರಾಕೋವ್‌ನಲ್ಲಿ ಕಾರ್ಯಕ್ರಮ ರದ್ದಾಯಿತು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ತಡೆಯಲು ನೋಡಿದರು, ಕೋರ್ಟು ಅವಕಾಶ ಕೊಟ್ಟಿತು. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬಳು ಯುಕ್ರೇನ್‌ನವಳು. ಅವಳ ಮುಂದೆ ಈ ಹೆಸರು ಎತ್ತಲು ನನಗೆ ಮನಸ್ಸಾಗುವುದಿಲ್ಲ.

ಯಾವ ಸಾವೂ ದೂರದ್ದಲ್ಲ ಅಂತ 1992ರಲ್ಲಿ ಹಾಡಿದವರು ಯುಕ್ರೇನ್‌ನವರ ಸಾವಿಗೂ ಅಷ್ಟೇ ಹತ್ತಿರ ನಿಲ್ಲಬೇಕಿತ್ತು. ನನ್ನ ನೋವು ಅಷ್ಟೇ.

ತುಂಗಾ ತೀರ

ಈ ಪ್ರಶ್ನೆ ಬಂದಿದ್ದು ಒಳ್ಳೆಯದಾಯಿತು. ನನ್ನ ಉತ್ತರ ಇದು: ಆಲ್ಬಂ ಕೊಟ್ಟ ಅಳತೆಗೋಲಿನಲ್ಲೇ ಅವರನ್ನೂ ಅಳೆಯೋಣ. ಟ್ರಿಪೋಲಿಯ ಆ ಹೆಣ್ಣುಮಗಳನ್ನು ನಮಗೆ ತೋರಿಸಿಕೊಟ್ಟವರು ಅವರೇ. ಖಾರ್ಕಿವ್‌ನಲ್ಲೂ ಗಾಜಾದಲ್ಲೂ ಅಂಥವಳೇ ಒಬ್ಬಳು ಇದ್ದಾಳೆ ಅಂತ ನಮಗೆ ಹೊಳೆಯುವುದು ಈ ಹಾಡು ಕೇಳಿದ್ದರಿಂದ. ಹಾಡಿದವರು ಒಂದು ಕಡೆ ಎಡವಿದರೆ ಹಾಡು ಸುಳ್ಳಾಗುವುದಿಲ್ಲ.

ಟೊರೊಂಟೊ ಕನ್ನಡಿಗ

ಹಾಡು ಸುಳ್ಳು ಅಂತ ನಾನೂ ಹೇಳುವುದಿಲ್ಲ ಮೇಡಂ. ಆದರೆ ರಾಜಕೀಯ ಹಾಡು ಹಾಡುವವರ ಮಾತಿಗೆ ತೂಕ ಜಾಸ್ತಿ. ಪ್ರೇಮಗೀತೆ ಹಾಡುವವರಿಗೆ ನಾವು ಈ ಪ್ರಶ್ನೆ ಕೇಳುವುದಿಲ್ಲ. ಲೋಕದ ಕಷ್ಟ ಹಾಡುತ್ತೇನೆ ಅಂತ ಮುಂದೆ ಬಂದವರಿಗೆ ಕೇಳಲೇಬೇಕು.

ಎರಡನೇ ಪಿಯುಸಿ ಬೆಂಚು

ನಾನು ಚಿಕ್ಕವನು, ಈ ಆಲ್ಬಂ ಬಂದಾಗ ಹುಟ್ಟಿರಲಿಲ್ಲ. ನನಗೆ ವಾಟರ್ಸ್ ಪರಿಚಯ ಆಗಿದ್ದು 2017ರ ‘ಈಸ್ ದಿಸ್ ದಿ ಲೈಫ್ ವಿ ರಿಯಲಿ ವಾಂಟ್?’ ಇಂದ. ನೈಜೆಲ್ ಗಾಡ್‌ರಿಚ್ ನಿರ್ಮಾಣ ಮಾಡಿದ್ದು, ರೇಡಿಯೋಹೆಡ್ ತಂಡದ ಆಲ್ಬಂಗಳ ನಿರ್ಮಾಪಕ. ಅದರಲ್ಲಿ ‘ದಿ ಲಾಸ್ಟ್ ರೆಫ್ಯೂಜಿ’ ನನಗೆ ತುಂಬಾ ಇಷ್ಟ. ಮಹಮೂದ್ ದರ್ವೀಶ್ ಅವರ ಪದ್ಯದಿಂದ ಮಾಡಿಕೊಂಡ ‘ವೇಟ್ ಫಾರ್ ಹರ್’ ಕೂಡ. ಅಲ್ಲಿಂದ ಹಿಂದಕ್ಕೆ ಹೋಗಿ ‘ಅಮ್ಯೂಸ್ಡ್ ಟು ಡೆತ್’ ಕೇಳಿದೆ.

ಹಳೆಯದು ಅಂತ ಒಂದು ಸಲವೂ ಅನ್ನಿಸಲಿಲ್ಲ. ಶೀರ್ಷಿಕೆ ಹಾಡಿನಲ್ಲಿ ಮುಂದೆ ಯಾವತ್ತೋ ಬೇರೆ ಲೋಕದವರು ಬಂದು ನೋಡುತ್ತಾರಲ್ಲ, ಮನುಷ್ಯರೆಲ್ಲ ಟಿವಿ ಸುತ್ತ ಸತ್ತು ಬಿದ್ದಿರುತ್ತಾರೆ. ಏನು ಕಾರಣ ಅಂತ ಅವರು ತಲೆ ಕೆಡಿಸಿಕೊಂಡು, ಕೊನೆಗೆ ಇವರು ಮನರಂಜನೆಯಲ್ಲೇ ಸತ್ತರು ಅಂತ ತೀರ್ಮಾನಕ್ಕೆ ಬರುತ್ತಾರೆ. ಟಿವಿ ಜಾಗದಲ್ಲಿ ಫೋನ್ ಇಟ್ಟುಕೊಳ್ಳಿ, ಅಷ್ಟೇ ಬದಲಾವಣೆ. ಗಾಜಾದ ವಿಡಿಯೋ, ಅದರ ಕೆಳಗೆ ಡ್ಯಾನ್ಸ್, ಅದರ ಕೆಳಗೆ ಬಿರಿಯಾನಿ. ಬೆರಳು ಮೇಲಕ್ಕೆ ಎಳೆಯುತ್ತಾ ಹೋಗುತ್ತೇವೆ. ಆಲ್ಬಂನಲ್ಲಿ ಚಾನೆಲ್ ಬದಲಾಗುವ ಸದ್ದು ಬಂದಾಗ ನನಗೆ ಅದೇ ನೆನಪಾಗುತ್ತದೆ. 2017ರ ಆಲ್ಬಂ ಆ ದಿನದ ಸುದ್ದಿಗೆ ಉತ್ತರ ಕೊಡುತ್ತದೆ, ಟ್ರಂಪ್ ಎಲ್ಲ ಬರುತ್ತಾರೆ. ಹಳೆಯದು ನೋಡುವ ಚಟದ ಬಗ್ಗೆ. ಅದಕ್ಕೇ ಹಳೆಯದೇ ಜಾಸ್ತಿ ಹೊಸದು ಅನ್ನಿಸುತ್ತದೆ.

ಒಂದು ಡೌಟು. ಯಾವ ಮಿಕ್ಸ್ ಕೇಳಬೇಕು? 1992ರದ್ದಾ, 2015ರದ್ದಾ?

ಫ್ರೆಟ್‌ಬೋರ್ಡ್

ತಮ್ಮಾ, ನೀನು ಹೇಳಿದ ಆ ಮಾತು, "ನೋಡುವ ಚಟ", ನನಗೆ ಹಿಡಿಸಿತು. ಭಾಷಣ ಜಾಸ್ತಿ ಅನ್ನುವ ನನ್ನ ಅಭಿಪ್ರಾಯ ಹಾಗೇ ಇದೆ. ಆದರೆ ‘ಥ್ರೀ ವಿಶಸ್’ ಒಂದು ಸಲ ಪ್ರತ್ಯೇಕವಾಗಿ ಕೇಳು. ಭೂತ ಬಂದು ಮೂರು ವರ ಕೊಡುತ್ತದೆ. ಲೆಬನಾನ್‌ನಲ್ಲಿ ಎಲ್ಲರೂ ಸುಖವಾಗಿರಲಿ, ಈ ಹಾಡು ಬರೆಯಲು ಯಾರಾದರೂ ನೆರವಾಗಲಿ, ಚಿಕ್ಕವನಿದ್ದಾಗ ಅಪ್ಪ ಇಲ್ಲದೇ ಹೋಗಬಾರದಿತ್ತು ಅಂತ ಮೂರೂ ವರಗಳು ಖರ್ಚಾಗಿ ಹೋಗುತ್ತವೆ, ಆಮೇಲೆ ಇನ್ನೊಂದು ಬೇಕು ಅನ್ನಿಸುವ ಹೊತ್ತಿಗೆ ವರ ಉಳಿದಿರುವುದಿಲ್ಲ. ಇಡೀ ಆಲ್ಬಂನಲ್ಲಿ ನನ್ನ ಗಿಟಾರ್ ಕ್ಲಾಸಿನಲ್ಲಿ ನುಡಿಸಬಲ್ಲೆ ಅನ್ನಿಸುವುದು ಅದೇ.

ಕುಡ್ಲದ ಕೇಳುಗ

ಪಿಯುಸಿ ಬೆಂಚು, ನಿನ್ನ ಹತ್ತಿರ ಎರಡು ಸ್ಪೀಕರ್ ಇದ್ದರೆ ಮೊದಲು 1992ರದ್ದೇ ಹಿಡಿ. ಹಳೇ ಸಿಡಿ ಸಿಕ್ಕಿದರೆ ಬಿಡಬೇಡ. 2015ರದ್ದನ್ನು ಜೇಮ್ಸ್ ಗತ್ರಿ ಮಾಡಿದ್ದು, ಫ್ಲಾಯ್ಡ್ ಜೊತೆ ‘ದಿ ವಾಲ್’ ಕಾಲದಿಂದ ಇರುವ ಎಂಜಿನಿಯರ್. ಅದು 5.1ರಲ್ಲೂ, ಅಂದರೆ ಸುತ್ತ ಆರು ಸ್ಪೀಕರ್ ಇಟ್ಟು ಕೇಳುವ ರೂಪದಲ್ಲೂ ಬಂತು, ಸರೌಂಡ್ ಸೌಂಡ್ ವಿಭಾಗದಲ್ಲಿ ಗ್ರ್ಯಾಮಿ ಕೂಡ ಸಿಕ್ಕಿತು. ಮಾತುಗಳು ಅದರಲ್ಲಿ ಹೆಚ್ಚು ಸ್ಪಷ್ಟ, ಮುಖಪುಟವೂ ಬೇರೆ, ಕೋತಿ ಜಾಗದಲ್ಲಿ ಒಂದು ಮಗು ಕೂತಿದೆ. ಮನೆಯಲ್ಲಿ ಹೋಮ್ ಥಿಯೇಟರ್ ಇರುವ ಚಿಕ್ಕಪ್ಪ ದೊಡ್ಡಪ್ಪ ಯಾರಾದರೂ ಇದ್ದರೆ ಅಲ್ಲಿ 2015ರದ್ದು ಹಾಕಿಸು.

ಯಾವುದಾದರೂ ಸರಿ, ಮಧ್ಯದಲ್ಲಿ ನಿಲ್ಲಿಸದೆ ಕೇಳು. ‘ಟೂ ಮಚ್ ರೋಪ್’ ಹೊತ್ತಿಗೆ ಸ್ವಲ್ಪ ಬೇಸರ ಬಂದರೂ ಎದ್ದು ಹೋಗಬೇಡ, ‘ಇಟ್ಸ್ ಎ ಮಿರಾಕಲ್’ ಇನ್ನೂ ಬಾಕಿ ಇರುತ್ತದೆ.

ಮೈದಾನದ ಹಿಂದಿನ ಸಾಲು

‘ಇನ್ ದಿ ಫ್ಲೆಶ್’ ಪ್ರವಾಸದ ಧ್ವನಿಮುದ್ರಣ 2000ದಲ್ಲೇ ಬಂದಿದೆ, ಅಮೆರಿಕದ ಕಾರ್ಯಕ್ರಮಗಳದ್ದು. ಈ ಆಲ್ಬಂನ ಹಾಡುಗಳು ಅದರಲ್ಲಿ ಸಾಲಾಗಿ ಇವೆ. ಅದನ್ನೂ ಹುಡುಕಿ ಕೇಳಪ್ಪ. ಅರಮನೆ ಮೈದಾನದಲ್ಲಿ ಆವತ್ತು ಇದ್ದವರು ಇಲ್ಲಿ ಇನ್ನೂ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಟಿಕೆಟ್, ಫೋಟೋ ಏನೇ ಇದ್ದರೂ ಹಾಕಿ. ನನ್ನ ಹತ್ತಿರ ಇರುವ ಫೋಟೋಗಳಲ್ಲಿ ವೇದಿಕೆ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ.